ಯಾವ ಕೂಪನ್ ಹಾಕಿದರೂ ಪಿಎಚ್‌ಪಿ 7 ಸರಿ ಅನ್ನುತ್ತಿತ್ತು

ಪಿಎಚ್‌ಪಿಯಲ್ಲಿ (ವೆಬ್‌ಸೈಟ್ ಬರೆಯುವ ಪ್ರೋಗ್ರಾಮಿಂಗ್ ಭಾಷೆ) ಬರೆದ ಫಾರ್ಮ್‌ನ ಕೂಪನ್ ಜಾಗದಲ್ಲಿ ಸುಮ್ನೆ ‘ಅಆಇ’ ಅಂತ ಬರೆದರೂ ರಿಯಾಯಿತಿ ಸಿಗುತ್ತಿತ್ತು. ಹಿಂದುಮುಂದಿನ ಖಾಲಿ ಜಾಗ ತೆಗೆಯುವ ಟ್ರಿಮ್ ಹಾಕಿದೆ, ಆಗಲಿಲ್ಲ. ಫೈಲಿನ ತಲೆಗೆ ಮೌಲ್ಯದ ಬಗೆಯನ್ನು (ಸಂಖ್ಯೆಯೋ ಅಕ್ಷರವೋ) ಬಿಗಿಯಾಗಿ ನೋಡುವ ಸ್ಟ್ರಿಕ್ಟ್_ಟೈಪ್ಸ್=1 ಹಾಕಿದೆ, ಅದೂ ಇಲ್ಲ. ಅದು ಫಂಕ್ಷನ್‌ಗೆ ಕೊಡುವ, ಅಲ್ಲಿಂದ ಬರುವ ಮೌಲ್ಯಗಳನ್ನು ನೋಡುತ್ತದೆ, ಹೋಲಿಕೆಯನ್ನು ಮುಟ್ಟುವುದೇ ಇಲ್ಲ. ಎರಡು ದಿನ ಇಲ್ಲೇ ಹೋಯಿತು.

ಸರಿಯಾದ ಕೂಪನ್‌ಗಳ ಪಟ್ಟಿಯಲ್ಲಿ ಒಂದು 0 ಇತ್ತು, ಸಂಖ್ಯೆಯಾಗಿ. ಬರೆದದ್ದು ಪಟ್ಟಿಯಲ್ಲಿದೆಯೇ ಎಂದು ನೋಡುವ ಇನ್_ಅರೇ ಫಂಕ್ಷನ್ ಹೋಲಿಸುವಾಗ ಪಿಎಚ್‌ಪಿ 7 ‘ಅಆಇ’ಯನ್ನೂ 0 ಮಾಡಿಕೊಳ್ಳುತ್ತದೆ.

ಮೊದಲು ಅರೇ_ಮ್ಯಾಪ್, ಸ್ಟ್ರ್‌ವಾಲ್ ಬಳಸಿ ಪಟ್ಟಿಯನ್ನೆಲ್ಲ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ. ಆಮೇಲೆ ಇನ್_ಅರೇಗೆ ಮೂರನೇ ಆರ್ಗ್ಯುಮೆಂಟ್ (ಕೊಡುವ ಮೌಲ್ಯ) ಟ್ರೂ ಕೊಡಿ, ಆಗ ಬಗೆಯೂ ಒಂದೇ ಇದ್ದರೆ ಮಾತ್ರ ಹೊಂದುತ್ತದೆ. ಮೊದಲನೆಯದನ್ನು ಬಿಟ್ಟರೆ ಫಾರ್ಮ್‌ನಿಂದ ಬಂದ ‘101’ ಸ್ಟ್ರಿಂಗ್, ಪಟ್ಟಿಯ 101 ಸಂಖ್ಯೆ. ನಿಜವಾದ ಕೂಪನ್ನೇ ನಡೆಯುವುದಿಲ್ಲ. ಎರಡನೆಯದನ್ನು ಬಿಟ್ಟರೆ ‘1ಇ1’ (ಇಲ್ಲಿ ‘ಇ’ ಇಂಗ್ಲಿಷ್ ಅಕ್ಷರ) ಮತ್ತು ‘10’ ಒಂದೇ ಆಗುತ್ತವೆ, ಪಿಎಚ್‌ಪಿ ‘1ಇ1’ ಅನ್ನು 1×10 ಎಂಬ ಸಂಖ್ಯೆಯಾಗಿ ಓದುತ್ತದೆ. ಪಿಎಚ್‌ಪಿ 8ರಲ್ಲಿ ಸೊನ್ನೆಯ ಗೋಳು ಹೋಗಿದೆ, ‘1ಇ1’ರದ್ದು ಇನ್ನೂ ಇದೆ.