ಜೀಪಿಗೆ ಲಾಂಗ್ ಆರ್ಮ್: ಟೇಪು ಹಿಡಿದು ಕೂತ ಕಥೆ

ನನ್ನದು 2004ರ ಜೀಪ್ ರ‍್ಯಾಂಗ್ಲರ್ ಟಿಜೆ. 4.0 ಲೀಟರ್‌ನ ಆರು ಸಿಲಿಂಡರ್ ಇಂಜಿನ್. ಸ್ಯಾಕ್ರಮೆಂಟೊ ಹತ್ತಿರ ಇದ್ದೇನೆ, ಹಾಗಾಗಿ ಬಂಡೆಗಳ ಮೇಲೆ ಜೀಪ್ ಓಡಿಸುವ ರೂಬಿಕಾನ್ ಟ್ರೇಲ್ ನಮಗೆ ಪಕ್ಕದೂರು ಇದ್ದ ಹಾಗೆ. ಹಿಂದಿನ ಮಾಲೀಕ 4 ಇಂಚು ಲಿಫ್ಟ್ ಮಾಡಿಸಿ, ಅಂದರೆ ಗಾಡಿಯನ್ನು ಅಷ್ಟು ಎತ್ತರಿಸಿ, 33 ಇಂಚಿನ ಟೈರ್ ಹಾಕಿಸಿದ್ದ. ನೋಡೋಕೆ ಗಾಡಿ ಚೆಂದ. ಓಡಿಸಿದರೆ ಮಾತ್ರ ಪ್ರತಿ ಹಂಪ್‌ನ ಲೆಕ್ಕ ಸೊಂಟಕ್ಕೆ ಗೊತ್ತಾಗುತ್ತಿತ್ತು.

ಚಕ್ರಗಳ ಅಚ್ಚನ್ನು (ಆಕ್ಸಲ್) ಚಾಸಿಗೆ ಜೋಡಿಸುವ ಕಂಬಿಗಳಿಗೆ ಆರ್ಮ್ ಅನ್ನುತ್ತಾರೆ; ಅವನ್ನೇ ಉದ್ದ ಮಾಡಿದರೆ ಲಾಂಗ್ ಆರ್ಮ್. ಎಲ್ಲರೂ ಹೇಳಿದ್ದು ಒಂದೇ: ಲಾಂಗ್ ಆರ್ಮ್ ಹಾಕಿಸು, ಚಕ್ರ ಎಷ್ಟು ಕೆಳಗೆ ಇಳಿಯುತ್ತೆ ನೋಡು ಅಂತ. ಇದು ಅರ್ಧ ಸತ್ಯ. ಚಕ್ರ ಎಷ್ಟು ಇಳಿಯುತ್ತೆ ಅನ್ನುವುದನ್ನು ಮುಖ್ಯವಾಗಿ ಶಾಕ್ ಅಬ್ಸಾರ್ಬರ್‌ನ ಉದ್ದ ಮತ್ತು ಸ್ಪ್ರಿಂಗ್ ತೀರ್ಮಾನ ಮಾಡುತ್ತವೆ. ಆರ್ಮ್ ತೀರ್ಮಾನ ಮಾಡುವುದು ಚಕ್ರ ಯಾವ ದಾರಿಯಲ್ಲಿ ಇಳಿಯುತ್ತೆ, ಯಾವ ದಾರಿಯಲ್ಲಿ ಏರುತ್ತೆ ಅನ್ನುವುದನ್ನು.

ಒಂದು ಭಾನುವಾರ ಕೆಳಗೆ ಮಲಗಿ ಟೇಪು ಹಿಡಿದೆ. ಕಂಪನಿಯವರು ಕೊಟ್ಟ ಕೆಳಗಿನ ಆರ್ಮ್ ಸುಮಾರು 16 ಇಂಚು. ನಾನು ನೋಡಿಟ್ಟಿದ್ದ ಕಿಟ್‌ನದ್ದು 32. ಆರ್ಮ್ ಮಟ್ಟಸವಾಗಿದೆ ಅಂತ ಇಟ್ಟುಕೊಂಡು, ಅಲ್ಲಿಂದ ಮುಂದಿನ ಆಕ್ಸಲ್ 8 ಇಂಚು ಕೆಳಗಿಳಿದರೆ 16 ಇಂಚಿನ ಆರ್ಮ್ ಅದನ್ನು 2 ಇಂಚಿಗೂ ಜಾಸ್ತಿ ಹಿಂದಕ್ಕೆ ಎಳೆಯುತ್ತದೆ. 32 ಇಂಚಿನದ್ದು ಎಳೆಯುವುದು ಒಂದೇ ಇಂಚು. ಶಾಲೆಯ ಪೈಥಾಗರಸ್ ಲೆಕ್ಕ, ಅಷ್ಟೇ. ಲಿಫ್ಟ್ ಮಾಡಿದ ಗಾಡಿಯಲ್ಲಿ ಆರ್ಮ್ ಚಾಸಿಯಿಂದ ಆಕ್ಸಲ್ ಕಡೆಗೆ ಇಳಿಜಾರಾಗಿ ನಿಂತಿರುತ್ತದೆ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಕಲ್ಲು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆರ್ಮ್ ಮಾತ್ರ ಮೇಲಕ್ಕೆ ಹೋಗಬೇಕಾದರೆ ಮುಂದಕ್ಕೇ ಹೋಗಬೇಕು ಅನ್ನುತ್ತದೆ. ಆ ಜಗಳದ ಏಟು ಬೀಳುವುದು ನಮ್ಮ ಸೊಂಟಕ್ಕೆ.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಮೂಡಿಗೆರೆಯ ತೋಟದಲ್ಲಿ ಅವರು ವರ್ಷಗಟ್ಟಲೆ ಮಹೀಂದ್ರಾ ಎಂಎಂ 540 ಓಡಿಸಿದವರು. "ಅಲ್ವೋ, ನಮ್ಮ ಜೀಪಿಗೆ ಆರ್ಮೇ ಇಲ್ವಲ್ಲ!" ಅಂದರು. ನಿಜವೇ. ಲೀಫ್ ಸ್ಪ್ರಿಂಗ್ ಇರುವಲ್ಲಿ ಆ ಪ್ಲೇಟುಗಳೇ ಆಕ್ಸಲ್ಲನ್ನು ಹಿಡಿದಿಡುತ್ತವೆ. ಟಿಜೆಗೆ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ಅದು ಭಾರ ಹೊರುತ್ತದೆ, ಆಕ್ಸಲ್ ಹಿಡಿಯುವ ಕೆಲಸ ಆರ್ಮ್‌ಗಳದ್ದು, ಅದು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಕಂಬಿಯದ್ದು (ಟ್ರ್ಯಾಕ್ ಬಾರ್).

ತಲೆ ಕೆಡಿಸಿಕೊಂಡದ್ದು ಮುಂದಿನ ಆಕ್ಸಲ್‌ಗೆ ಯಾವ ನಮೂನೆ ಹಾಕಿಸಬೇಕು ಅಂತ. ರೇಡಿಯಸ್ ಆರ್ಮ್‌ನಲ್ಲಿ ಮೇಲಿನ ಆರ್ಮ್ ಬಂದು ಕೆಳಗಿನದಕ್ಕೇ ಸೇರಿಕೊಳ್ಳುತ್ತದೆ. ಹಾಕೋದು ಸುಲಭ, ಹೈವೇಯಲ್ಲೂ ತೊಂದರೆಯಿಲ್ಲ. ಆದರೆ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಎರಡು ಕಡೆಯ ಆರ್ಮ್ ಸೇರಿ ಆಕ್ಸಲ್ಲನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಲು ನೋಡುತ್ತವೆ. ಅದನ್ನೆಲ್ಲ ಆರ್ಮ್ ತುದಿಯ ಕೀಲಿನಲ್ಲಿರುವ ಬುಶ್‌ಗಳೇ ನುಂಗಬೇಕು. ತ್ರೀ ಲಿಂಕ್‌ನಲ್ಲಿ ಕೆಳಗೆ ಎರಡು, ಮೇಲೆ ಒಂದೇ. ಹಿಂಡುವ ಸಮಸ್ಯೆ ಇಲ್ಲ. ಬದಲಿಗೆ ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಗದ ಹಾಗೆ ತಡೆಯುವ ಭಾರ ಪೂರ್ತಿ ಆ ಒಂಟಿ ಆರ್ಮ್ ಮೇಲೆ, ಅದರ ಬ್ರಾಕೆಟ್ ಮೇಲೆ. ಬಂಡೆಯೇ ನನ್ನ ಚಟ, ಹಾಗಾಗಿ ತ್ರೀ ಲಿಂಕ್ ಆರಿಸಿಕೊಂಡೆ, ಬ್ರಾಕೆಟ್ಟನ್ನು ಬೋಲ್ಟ್ ಬದಲು ವೆಲ್ಡ್ ಮಾಡಿಸಿದೆ. ದಿನಾ ಆಫೀಸಿಗೆ ಓಡಿಸುವ ಗಾಡಿಯಾಗಿದ್ದರೆ ರೇಡಿಯಸ್ ಆರ್ಮ್ ಸಾಕಿತ್ತು.

ಹಿಂದೆ ಫೋರ್ ಲಿಂಕ್. ಮೇಲಿನ ಎರಡು ಆರ್ಮ್ ಓರೆಯಾಗಿ ಡಿಫರೆನ್ಷಿಯಲ್ ಕಡೆ ಕೂಡುತ್ತವೆ, ಟ್ರ್ಯಾಕ್ ಬಾರ್ ಬೇಕಾಗಿಲ್ಲ.

ಬಿಲ್ ಬೆಳೆದದ್ದು ಆರ್ಮ್‌ನಿಂದ ಅಲ್ಲ, ಅದರ ಹಿಂದೆ ಬಂದ ನೆಂಟರಿಷ್ಟರಿಂದ. ಟಿಜೆಯ ಹೊಟ್ಟೆಯನ್ನು ಕಲ್ಲಿನಿಂದ ಕಾಯುವ ಸ್ಕಿಡ್ ಪ್ಲೇಟ್ ಚಾಸಿಗಿಂತ ಕೆಳಗೆ ಜೋತಿರುತ್ತದೆ. ಕಿಟ್‌ನದ್ದು ಸಪಾಟ. ಅದು ಕೂರಬೇಕಾದರೆ ಗೇರ್‌ಬಾಕ್ಸ್ ಮೇಲಕ್ಕೇರಬೇಕು, ಜೊತೆಗೆ ಇಂಜಿನ್ 1 ಇಂಚು ಏರಬೇಕು. ಇಂಜಿನ್ ಏರಿದರೆ ಫ್ಯಾನ್ ಹೋಗಿ ತನ್ನ ಸುತ್ತಲಿನ ಕವಚಕ್ಕೆ (ಶ್ರೌಡ್) ತಾಗುತ್ತದೆ, ಆದ್ದರಿಂದ ಬಾಡಿಯೂ 1 ಇಂಚು ಏರಬೇಕು. ಹಿಂದಿನ ಡ್ರೈವ್ ಶಾಫ್ಟ್ ಚಿಕ್ಕದು, ಅದರ ಕೋನವೂ ಕೆಟ್ಟಿತು. ಅದರ ಜಾರುವ ಜೋಡಣೆ (ಸ್ಲಿಪ್ ಯೋಕ್) ತೆಗೆಸಿ, ಒಂದು ತುದಿಯಲ್ಲಿ ಜೋಡಿ ಕೀಲು ಇರುವ ಡಬಲ್ ಕಾರ್ಡನ್ ಶಾಫ್ಟ್ ಹಾಕಿಸಬೇಕಾಯಿತು.

ಕೆಲಸ ನಡೆದದ್ದು ಇಲ್ಲೇ ಇರುವ, ಹಾಸನದ ಕಡೆಯ ಗೆಳೆಯನ ಗ್ಯಾರೇಜಿನಲ್ಲಿ. ಹಳೇ ಬ್ರಾಕೆಟ್ ಕತ್ತರಿಸಲು ಗ್ರೈಂಡರ್ ಇಟ್ಟಾಗ ನನ್ನ ಎದೆ ಧಸಕ್ ಅಂತು. "ಇನ್ನು ವಾಪಸ್ ಹೋಗೋ ದಾರಿ ಇಲ್ಲ ಮಾರಾಯ," ಅಂದ ಅವನು, ಕಿಡಿಗಳ ನಡುವೆ ನಗುತ್ತಾ. ಹಿಂದಿನ ಆಕ್ಸಲ್ ಟ್ಯೂಬಿನ ಮೇಲೆ ವೆಲ್ಡ್ ಮಾಡುವಾಗ ಮಾತ್ರ ನಗು ಇರಲಿಲ್ಲ. ಒಂದಿಂಚು ಹೊಡೆಯುವುದು, ಪಕ್ಕಕ್ಕೆ ಹೋಗುವುದು, ಕೈ ಇಡುವಷ್ಟು ತಣ್ಣಗಾದ ಮೇಲೆ ಮತ್ತೆ ಒಂದಿಂಚು. ಒಂದೇ ಸಮ ಎಳೆದರೆ ಬಿಸಿಗೆ ಟ್ಯೂಬು ಬಾಗುತ್ತದೆ.

ಆಮೇಲೆ ಮಾಡಿದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಕೆಲಸ. ಸ್ಪ್ರಿಂಗ್ ಹಾಕದೆ, ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದೊಂದೇ ಚಕ್ರವನ್ನು ಜಾಕ್‌ನಿಂದ ಪೂರ್ತಿ ಮೇಲೆ ಒಯ್ದೆವು, ಪೂರ್ತಿ ಕೆಳಗೆ ಬಿಟ್ಟೆವು. ಮುಂದಿನ ಮೇಲಿನ ಆರ್ಮ್ ಎಕ್ಸಾಸ್ಟ್ ಪೈಪಿಗೆ ತಾಗುತ್ತಿತ್ತು. ಬ್ರೇಕ್ ಹೋಸ್ ವೀಣೆಯ ತಂತಿಯ ಹಾಗೆ ಬಿಗಿಯಾಗಿತ್ತು. ಎರಡೂ ಅಲ್ಲೇ ಕಂಡಿದ್ದಕ್ಕೆ ಬಚಾವ್. ಪೈಪ್ ಬದಲಾಯಿಸಿದೆವು, ಉದ್ದದ ಹೋಸ್ ಹಾಕಿದೆವು.

ಒಂದು ತಪ್ಪು ನನ್ನದೇ. ಆರ್ಮ್‌ಗಳ ಆಕ್ಸಲ್ ತುದಿಯಲ್ಲಿ ರಬ್ಬರ್ ಬುಶ್ ಇತ್ತು. ಅದರ ಬೋಲ್ಟನ್ನು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗ ಬಿಗಿ ಮಾಡಬೇಕು. ನಾನು ಅವಸರಕ್ಕೆ ಬಿದ್ದು ಚಕ್ರ ತೂಗಾಡುತ್ತಿದ್ದಾಗಲೇ ಬಿಗಿದುಬಿಟ್ಟೆ. ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ನಿಂತಿತು. ನಾಲ್ಕೇ ತಿಂಗಳಲ್ಲಿ ಹರಿದು, ಬ್ರೇಕ್ ಹಾಕಿದಾಗಲೆಲ್ಲ ಟಕ್ ಅನ್ನುತ್ತಿತ್ತು.

ಈಗ ಹಂಪ್‌ಗಳು ಸೊಂಟಕ್ಕೆ ತಿಳಿಯದಂತೆ ದಾಟುತ್ತವೆ. ಮೊದಲು ಕಡಿದಾದ ಬಂಡೆ ಹತ್ತುವಾಗ ಹಿಂಬದಿ ಕುಪ್ಪಳಿಸುತ್ತಿತ್ತು, ಅದೂ ನಿಂತಿದೆ. ಆದರೆ ಉದ್ದದ ಆರ್ಮ್ ಅಂದರೆ ಕಲ್ಲಿಗೆ ಸಿಕ್ಕಿಕೊಳ್ಳಲು ಇನ್ನೊಂದು ಜಾಗ. ಕಳೆದ ಬೇಸಿಗೆಯಲ್ಲಿ ರೂಬಿಕಾನ್ ಟ್ರೇಲ್‌ನಲ್ಲಿ ಲೂನ್ ಲೇಕ್ ದಾಟಿ ಗ್ರಾನೈಟ್ ಬಂಡೆಗಳ ನಡುವೆ ಹೋಗುವಾಗ ಕೆಳಗಿನಿಂದ ದೊಡ್ಡ ಸದ್ದು. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಎಡಗಡೆಯ ಆರ್ಮ್‌ನ ಹೊಟ್ಟೆಯಲ್ಲಿ ಬಣ್ಣ ಎದ್ದು ಲೋಹ ಮಿರಮಿರ ಮಿಂಚುತ್ತಿತ್ತು. ಬೆರಳಾಡಿಸಿದೆ. ಬಾಗಿರಲಿಲ್ಲ.