ಡಿವಿಆರ್ ಬದಲಿಸದೆ ಎಕ್ಸ್‌ಪ್ಲೋರರ್ ಬಿಡಿಸಿದ್ದು: ನನ್ನ ಅನುಭವ

ಮುಂಬೈ ಕಡೆ ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮೂರಿನವರ ಹದಿನಾಲ್ಕು ಹೋಟೆಲುಗಳ ಕಂಪ್ಯೂಟರ್, ಕ್ಯಾಮೆರಾ ನೋಡಿಕೊಳ್ಳುವವನು ನಾನು. 2023ರ ಫೆಬ್ರವರಿ 14ಕ್ಕೆ ಮೈಕ್ರೋಸಾಫ್ಟ್‌ನ ಹೊಸ ಬ್ರೌಸರ್ ಎಡ್ಜ್‌ನ ಅಪ್‌ಡೇಟ್ ಬಂದು ವಿಂಡೋಸ್ 10ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಬೀಗ ಬಿತ್ತು. ಆ ವಾರ ಫೋನ್ ಕೆಳಗಿಡಲು ಯಾರೂ ಬಿಡಲಿಲ್ಲ. "ಗಲ್ಲಾದ ಕ್ಯಾಮೆರಾ ಕಾಣ್ತಿಲ್ಲ, ಬೇಗ ಬನ್ನಿ ಮಾರಾಯ್ರೇ."

ಶೆಟ್ರು ಹಳೆ ಬ್ರೌಸರ್ ಹಿಡಿದು ಕೂತಿದ್ದು ಹಟಕ್ಕಲ್ಲ. ಡಿವಿಆರ್, ಅಂದರೆ ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡಿಡುವ ಪೆಟ್ಟಿಗೆ, ಗಟ್ಟಿಯಾಗಿದೆ, ರೆಕಾರ್ಡಿಂಗ್ ಸರಿಯಾಗಿದೆ. ಆದರೆ ಬ್ರೌಸರ್‌ನಲ್ಲಿ ತೆರೆಯುವ ಅದರ ಪುಟ ಆಕ್ಟಿವ್‌ಎಕ್ಸ್ ಕೇಳುತ್ತದೆ, ಎಕ್ಸ್‌ಪ್ಲೋರರ್‌ನಲ್ಲಷ್ಟೇ ಓಡುವ ಸಣ್ಣ ಪ್ರೋಗ್ರಾಂ ಅದು. ಕ್ರೋಮ್‌ನಲ್ಲಿ ತೆರೆದರೆ ಬರೀ ಕಪ್ಪು ಪರದೆ. ಘಾಟ್ಕೋಪರ್‌ನ ಒಂದು ಲೆಕ್ಕಪತ್ರದ ಆಫೀಸಿನಲ್ಲೂ ಇದೇ ಕಥೆ. ಅಲ್ಲಿ ಅದೇ ತರಹ ಬ್ರೌಸರ್‌ಗೆ ಸೇರಿಸುವ ಜಾವಾ ಪ್ಲಗಿನ್‌ಗಾಗಿ ಫೈರ್‌ಫಾಕ್ಸ್‌ನ ಹಳೆ ಆವೃತ್ತಿ 52 ಇಎಸ್‌ಆರ್ ಇಟ್ಟುಕೊಂಡಿದ್ದರು. ಕ್ರೋಮ್ ಆ ಪ್ಲಗಿನ್‌ಗಳನ್ನು 2015ರಲ್ಲೇ ಕೈಬಿಟ್ಟಿತ್ತಲ್ವಾ.

ಕ್ಯಾಮೆರಾ ಲೈನಿನ ಗೆಳೆಯರು ಹೇಳಿದ್ದು ಒಂದೇ: "ಹೊಸ ಡಿವಿಆರ್ ಮಾರು." ಎಂಟು ಚಾನೆಲ್‌ನದು, ಹಾರ್ಡ್‌ಡಿಸ್ಕ್, ಮಜೂರಿ ಸೇರಿ ಹೋಟೆಲಿಗೆ ಹತ್ತು ಸಾವಿರದ ಹತ್ತಿರ. ನನಗೂ ಲಾಭವೇ. ಆದರೆ ಕೆಲಸ ಮಾಡುತ್ತಿರುವ ಪೆಟ್ಟಿಗೆಯನ್ನು ಎಸೆಯಿರಿ ಎಂದರೆ ಯಾವ ಶೆಟ್ರು ಒಪ್ಪುತ್ತಾರೆ?

ಮೊದಲು ವಿಡಿಯೊ ನೋಡುವ ವಿಎಲ್‌ಸಿಯಲ್ಲಿ ಡಿವಿಆರ್‌ನ ಆರ್‌ಟಿಎಸ್‌ಪಿ (ನೇರ ವಿಡಿಯೊದ) ವಿಳಾಸ ಹಾಕಿ ನೋಡಿದೆ. ಲೈವ್ ಬಂತು, ನಿನ್ನೆಯ ರೆಕಾರ್ಡಿಂಗ್ ಹುಡುಕಲು ಆಗಲಿಲ್ಲ. ಕಳ್ಳತನವಾದ ಮೇಲೆ ಬೇಕಾಗುವುದು ಅದೇ ತಾನೆ! ಆಮೇಲೆ ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್‌ನಲ್ಲಿ, ಹಳೆ ವಿಂಡೋಸ್ ಹಾಕಿದೆ. 4 ಜಿಬಿ ರ್‍ಯಾಮ್‌ನ ಗಲ್ಲಾ ಕಂಪ್ಯೂಟರ್ ಬಿಲ್ ಕೊಡಲೂ ತಿಣುಕಿತು. ಇದರಲ್ಲೇ ಎರಡು ಭಾನುವಾರ ಹೋದವು.

ಕೊನೆಗೆ ಎಡ್ಜ್‌ನ ಐಇ ಮೋಡ್‌ಗೆ ಬಂದೆ, ಎಡ್ಜ್ ಒಳಗೇ ಪುಟವನ್ನು ಎಕ್ಸ್‌ಪ್ಲೋರರ್‌ನಂತೆ ತೆರೆಯುವ ಸೌಲಭ್ಯ ಅದು. ಸೆಟ್ಟಿಂಗ್ಸ್‌ನಲ್ಲಿ ಡಿವಿಆರ್‌ನ ಐಪಿ (ನೆಟ್‌ವರ್ಕ್ ವಿಳಾಸದ ನಂಬರ್) ಸೇರಿಸಿದೆ, ಹದಿನಾಲ್ಕೂ ಕಡೆ ಚಿತ್ರ ಬಂತು. ಜಂಬದಿಂದ ಗೆಳೆಯರಿಗೆಲ್ಲ ಹೇಳಿಕೊಂಡೆ. ಸರಿಯಾಗಿ ತಿಂಗಳಿಗೆ ಮತ್ತೆ ಫೋನ್ ಶುರು. ಹಾಗೆ ಸೇರಿಸಿದ ವಿಳಾಸ 30 ದಿನಕ್ಕೆ ತಾನಾಗಿ ಹೋಗುತ್ತದೆ. ಗೆಳೆಯರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಮತ್ತೆ ಹದಿನಾಲ್ಕು ಕಡೆ ತಿರುಗಾಟ, ಲೋಕಲ್ ಟಿಕೆಟಿನ ದುಡ್ಡೂ ನನ್ನದೇ.

ಈ ಸಲ ಐಇ ಮೋಡ್‌ನಲ್ಲಿ ತೆರೆಯಬೇಕಾದ ವಿಳಾಸಗಳ ಪಟ್ಟಿಯನ್ನು (ಸೈಟ್ ಲಿಸ್ಟ್) ಎಕ್ಸ್‌ಎಂಎಲ್ ಫೈಲ್ ಮಾಡಿ ಸಿ ಡ್ರೈವ್‌ನಲ್ಲಿಟ್ಟು, ಎಡ್ಜ್ ಪಾಲಿಸುವ ನಿಯಮಗಳಲ್ಲಿ (ಪಾಲಿಸಿ) ಅದರ ದಾರಿ ಕೊಟ್ಟೆ. ಇದಕ್ಕೆ 30 ದಿನದ ಕಾಟವಿಲ್ಲ. ಡಿವಿಆರ್‌ಗೆ ಐಪಿ ಸ್ಥಿರ ಮಾಡಿದೆ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ನಂಬರ್ ಕೊಡುತ್ತದೆ. ಎರಡು ಹಳೆ ಮಾಡೆಲ್‌ಗಳು ಆಗಲೂ ಮೊಂಡು ಹಿಡಿದವು. ಲಿಸ್ಟಿನಲ್ಲಿ ಒಂದೇ ಒಂದು ಸಾಲು ಬದಲಿಸಿದ ಮೇಲೆ ದಾರಿಗೆ ಬಂದವು. ಯಾವ ಸಾಲು ಅಂತ ಬರೆಯಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ಡೆಸ್ಕ್‌ಟಾಪ್‌ನಲ್ಲಿ ಶಾರ್ಟ್‌ಕಟ್ ಮಾಡಿ ಅದಕ್ಕೆ ಹಳೆಯ ನೀಲಿ 'ಇ' ಚಿತ್ರವನ್ನೇ ಹಾಕಿದೆ. ಅರ್ಧ ಜನಕ್ಕೆ ಬ್ರೌಸರ್ ಬದಲಾಗಿದ್ದೇ ಗೊತ್ತಾಗಲಿಲ್ಲ.

ಹೋಟೆಲಿಗೆ 1,200 ರೂಪಾಯಿ ತೆಗೆದುಕೊಂಡೆ. ಐಇ ಮೋಡ್ 2029ರವರೆಗಾದರೂ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅಷ್ಟರಲ್ಲಿ ಈ ಡಿವಿಆರ್‌ಗಳೇ ಕೈಕೊಡುತ್ತವೆ. ನಕ್ಕ ಗೆಳೆಯರಲ್ಲಿ ಇಬ್ಬರು ಈಗ ನನ್ನ ಫೈಲ್ ಕೇಳಿಕೊಂಡು ಬಂದಿದ್ದಾರೆ.

ಈಚೆಗೆ ಮುಲುಂಡ್‌ನಲ್ಲಿ ಇನ್ನೊಂದು ಹೋಟೆಲ್ ಸಿಕ್ಕಿತು. ಅಲ್ಲಿ ಇನ್ನೂ ವಿಂಡೋಸ್ 7, ಎಕ್ಸ್‌ಪ್ಲೋರರ್ ಆರಾಮಾಗಿ ತೆರೆಯುತ್ತದೆ. ಶೆಟ್ರು ಮುಟ್ಟಲು ಬಿಡಲಿಲ್ಲ. ಅಪ್‌ಡೇಟ್ ನಿಂತ ಹಳೆ ವಿಂಡೋಸ್ ನೆಟ್‌ನಲ್ಲಿರುವುದು ಅಪಾಯ ಅಂತ ಇಂಟರ್‌ನೆಟ್ ವೈರ್ ಕಿತ್ತು, ಡಿವಿಆರ್‌ಗೆ ಮಾತ್ರ ಜೋಡಿಸಿ ಬಂದೆ.