ಕಸದ ಗುಡ್ಡದ ಗ್ಯಾಸ್: ಆಡಳಿತ, ವಿಶ್ವವಿದ್ಯಾಲಯ ಸೇರಿ ಬಳಸುವುದು ಹೇಗೆ?

ಕಸದ ಗುಡ್ಡಕ್ಕೆ ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು ಅಂತ ಎಷ್ಟೋ ಕಡೆ ಅಂದುಕೊಳ್ಳುತ್ತಾರೆ. ಒಳಗಿನ ಕೆಲಸ ಜೋರಾಗುವುದೇ ಆಮೇಲೆ. ಗಾಳಿ ಸಿಗದ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಹಸಿ ಕಸ, ಕಾಗದ, ಸೊಪ್ಪುಸದೆಯನ್ನು ಕೊಳೆಸುತ್ತವೆ. ಹೊರಡುವ ಗ್ಯಾಸಿನಲ್ಲಿ ಸುಮಾರು ಅರ್ಧ ಮೀಥೇನ್, ಉಳಿದದ್ದು ಹೆಚ್ಚೂಕಡಿಮೆ ಇಂಗಾಲದ ಡೈಆಕ್ಸೈಡ್. 20 ವರ್ಷಗಳ ಲೆಕ್ಕ ಹಿಡಿದರೆ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಗಾಳಿಯಲ್ಲಿ ಅದು ಶೇ 5ರಿಂದ 15ರಷ್ಟಿದ್ದರೆ ಒಂದು ಕಿಡಿಗೇ ಸ್ಫೋಟವಾಗಬಹುದು. ಹಾಗಾಗಿ ಇದನ್ನು ಹಿಡಿಯಲೇಬೇಕು. ಹಿಡಿದದ್ದನ್ನು ಸುಮ್ನೆ ಸುಡುವ ಬದಲು ಬಳಸಬಹುದಲ್ವಾ?

ಈ ಕೆಲಸಕ್ಕೆ ವಿಶ್ವವಿದ್ಯಾಲಯಕ್ಕಿಂತ ಒಳ್ಳೆಯ ಜೊತೆಗಾರ ಸಿಗುವುದು ಕಷ್ಟ. ಜಾಗ, ಕಸದ ದಾಖಲೆ, ಪರವಾನಗಿ ಸ್ಥಳೀಯ ಆಡಳಿತದ ಕೈಯಲ್ಲಿರುತ್ತವೆ. ಅಳೆಯುವ ಉಪಕರಣ, ಅದನ್ನು ಬಲ್ಲ ಜನ ವಿಶ್ವವಿದ್ಯಾಲಯದಲ್ಲಿರುತ್ತಾರೆ. ಹಾಸ್ಟೆಲ್, ಪ್ರಯೋಗಾಲಯ, ಅಡುಗೆಮನೆ ಅಂತ ದಿನಾ ಶಾಖ ಬೇಕಾದ ಕಟ್ಟಡಗಳೂ ಅಲ್ಲೇ ಇವೆ.

1. ಮೊದಲು ಅಳೆಯಿರಿ

ಯಾವ ವರ್ಷ ಎಷ್ಟು ಕಸ ಬಿತ್ತು, ಅದರಲ್ಲಿ ಹಸಿ ಕಸ ಎಷ್ಟು ಎಂಬ ಲೆಕ್ಕ ಹುಡುಕಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲ್ಯಾಂಡ್‌ಜೆಮ್ ಎಂಬ ಉಚಿತ ಲೆಕ್ಕಪಟ್ಟಿಗೆ ಈ ಅಂಕಿ ಹಾಕಿದರೆ ಮುಂದಿನ ವರ್ಷಗಳ ಗ್ಯಾಸಿನ ಅಂದಾಜು ಸಿಗುತ್ತದೆ. ಅಲ್ಲಿನ ರೂಢಿಯ ಲೆಕ್ಕದಲ್ಲಿ 10 ಲಕ್ಷ ಟನ್ ಕಸದಿಂದ ಸುಮಾರು 0.8 ಮೆಗಾವಾಟ್ ವಿದ್ಯುತ್ ಬರಬಹುದು. ಆದರೆ ಹಸಿ ಕಸ ಜಾಸ್ತಿ ಇದ್ದಲ್ಲಿ ಗ್ಯಾಸ್ ಬೇಗ ಬಂದು ಬೇಗ ಇಳಿಯುತ್ತದೆ. ಅದಕ್ಕೇ ಕೆಲವು ಪರೀಕ್ಷಾ ಬಾವಿ ಕೊರೆದು, ವಾರಗಟ್ಟಲೆ ಗ್ಯಾಸ್ ಎಳೆದು ನೋಡಬೇಕು. ಇದಾಗುವ ಮೊದಲು ಜನರೇಟರ್‌ಗೆ ಟೆಂಡರ್ ಕರೆಯಲೇಬೇಡಿ. ಆರಂಭದ ಗ್ಯಾಸ್ ನೋಡಿ ದೊಡ್ಡ ಎಂಜಿನ್ ಕೊಂಡರೆ, ಕೆಲವೇ ವರ್ಷಗಳಲ್ಲಿ ಅದಕ್ಕೆ ಹೊಟ್ಟೆ ತುಂಬುವುದಿಲ್ಲ.

2. ಬಾವಿ, ಪೈಪು, ಬ್ಲೋವರ್

ಕಸದ ಆಳದ ಮುಕ್ಕಾಲು ಭಾಗದವರೆಗೆ ಕೊರೆಯುವುದು ರೂಢಿ. ಕಸದ ನೀರು ನೆಲಕ್ಕಿಳಿಯದಂತೆ ತಳದಲ್ಲಿ ಹಾಸಿದ ಹಾಳೆ ಹರಿಯಬಾರದು. ತೂತಿರುವ ಪೈಪು ಇಳಿಸಿ, ಸುತ್ತ ಜಲ್ಲಿ ತುಂಬಿ, ಮೇಲ್ಭಾಗವನ್ನು ಬೆಂಟೊನೈಟ್ ಜೇಡಿಯಿಂದ ಬಿಗಿ ಮಾಡುತ್ತಾರೆ. ಬಾವಿಗಳಿಂದ ಗ್ಯಾಸ್ ಎಳೆಯುವುದು ಬ್ಲೋವರ್ ಎಂಬ ಫ್ಯಾನ್. ಗ್ಯಾಸ್ ಬೆಚ್ಚಗೆ, ಒದ್ದೆಯಾಗಿ ಬರುತ್ತದೆ. ತಣ್ಣಗಾದಾಗ ನೀರು ಕಟ್ಟುತ್ತದೆ. ಪೈಪು ಎಲ್ಲಿ ಕೆಳಕ್ಕೆ ಜೋತಿದೆಯೋ ಅಲ್ಲೇ ನೀರು ನಿಂತು ದಾರಿ ಮುಚ್ಚುತ್ತದೆ. ಕಸ ಕುಸಿಯುತ್ತಲೇ ಇರುವುದರಿಂದ ಪೈಪಿನ ಇಳಿಜಾರನ್ನು ಆಗಾಗ ನೋಡಿ ಸರಿಪಡಿಸಬೇಕು. ಎಂಜಿನ್ ಇರಲಿ ಬಿಡಲಿ, ಬಳಸದ ಗ್ಯಾಸನ್ನು ಸುಟ್ಟುಬಿಡುವ ಫ್ಲೇರ್ ಮಾತ್ರ ಇರಲೇಬೇಕು.

3. ಬಾವಿಗಳನ್ನು ಹದದಲ್ಲಿಡಿ

ಇಡೀ ಯೋಜನೆಯ ಜೀವ ಇರುವುದು ಇಲ್ಲಿ. ವಿದ್ಯಾರ್ಥಿಯೊಬ್ಬಳು ಬಾವಿಯ ತಲೆಗೆ ವಿಶ್ಲೇಷಕದ ಕೊಳವೆ ಸಿಕ್ಕಿಸುತ್ತಾಳೆ. ಮೀಥೇನ್ ಶೇ 52, ಆಮ್ಲಜನಕ ಶೇ 0.3 ಅಂತ ತೋರಿದರೆ ಬಾವಿ ಚೆನ್ನಾಗಿದೆ. ಮೀಥೇನ್ 41ಕ್ಕೆ ಇಳಿದು ಆಮ್ಲಜನಕ 3ಕ್ಕೆ ಏರಿದ್ದರೆ ಬ್ಲೋವರ್ ಜಾಸ್ತಿ ಎಳೆಯುತ್ತಿದೆ, ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ ಎಂದರ್ಥ. ಆಗ ವಾಲ್ವ್ ಸ್ವಲ್ಪ ಮುಚ್ಚಿ, ಕಾದು, ಮತ್ತೆ ಓದಬೇಕು. ಗಾಳಿ ಹೋದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಒಳಗೆ ಬಿಸಿ ಏರುತ್ತದೆ. ನೆಲದಡಿ ಬೆಂಕಿ ಹತ್ತಿದರೆ ಆರಿಸುವುದು ತಿಂಗಳುಗಟ್ಟಲೆಯ ಕೆಲಸ. ಕಡಿಮೆ ಎಳೆದರೂ ನಷ್ಟ, ಗ್ಯಾಸ್ ಮೇಲ್ಮೈಯಿಂದ ಸೋರುತ್ತದೆ. ತಿಂಗಳಿಗೊಮ್ಮೆ ಓದುವುದು ಕನಿಷ್ಠ. ವಾರಕ್ಕೊಮ್ಮೆ ಓದಿದರೆ ಇನ್ನೂ ಒಳ್ಳೆಯದು, ಅಷ್ಟು ಕೈ ವಿಶ್ವವಿದ್ಯಾಲಯದಲ್ಲಿ ಸಿಗುತ್ತದೆ. ಒಬ್ಬರೇ ಹೋಗಬಾರದು, ಗ್ಯಾಸ್ ಅಲಾರಂ ಮೈಮೇಲೆ ಇರಬೇಕು.

4. ಶುದ್ಧ ಮಾಡಿ

ನೀರು ತೆಗೆಯಿರಿ, ಲೋಹ ತಿನ್ನುವ ಹೈಡ್ರೋಜನ್ ಸಲ್ಫೈಡ್ ತೆಗೆಯಿರಿ. ಎಂಜಿನ್ ಓಡಿಸುವುದಾದರೆ ಸಿಲೋಕ್ಸೇನ್ ಕೂಡ ಹೋಗಬೇಕು. ಶಾಂಪೂ, ಕ್ರೀಮುಗಳಿಂದ ಬರುವ ಇದು ಉರಿದಾಗ ಮರಳಿನಂಥ ಸಿಲಿಕಾ ಆಗಿ ಪಿಸ್ಟನ್ ಮೇಲೆ ಗಟ್ಟಿ ಕೂರುತ್ತದೆ.

5. ಶಾಖವೋ, ವಿದ್ಯುತ್ತೋ?

ಕ್ಯಾಂಪಸ್ ಹತ್ತಿರವಿದ್ದರೆ ಬಾಯ್ಲರ್ ಮೇಲು. ಎಂಜಿನ್ ಗ್ಯಾಸಿನ ಶಕ್ತಿಯಲ್ಲಿ ಮೂರನೇ ಒಂದರಿಂದ ಐದನೇ ಎರಡು ಭಾಗವನ್ನಷ್ಟೇ ವಿದ್ಯುತ್ ಮಾಡುತ್ತದೆ. ಅದರ ಬಿಸಿಯನ್ನೂ ಬಳಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯ ಎರಡನ್ನೂ ಮಾಡುತ್ತದೆ. ಖಾಸಗಿ ಕಂಪನಿಯ ಕಸದ ಗುಡ್ಡದಿಂದ ಸುಮಾರು 20 ಕಿ.ಮೀ. ಪೈಪು ಹಾಕಿಸಿ 2009ರಿಂದ ಗ್ಯಾಸ್ ತರಿಸುತ್ತಿದೆ. ಸಣ್ಣ ಗುಡ್ಡಕ್ಕೂ ದಾರಿ ಇದೆ: ಉತ್ತರ ಕೆರೊಲಿನಾದ ಜಾಕ್ಸನ್ ಕೌಂಟಿ ಆಡಳಿತ ತನ್ನ ಹಳೆಯ ಗುಡ್ಡದ ಗ್ಯಾಸಿನಲ್ಲಿ ಕಮ್ಮಾರರ ಮತ್ತು ಗಾಜಿನ ಕುಲುಮೆ ಉರಿಸಿತು.

6. ಒಪ್ಪಂದ ಬರೆಯಿರಿ

ಗ್ಯಾಸ್ ಯಾರದ್ದು, ದರ ಏನು, ಗ್ಯಾಸ್ ಇಳಿದ ವರ್ಷ ನಷ್ಟ ಯಾರಿಗೆ ಎಂಬುದು ಕಾಗದದ ಮೇಲಿರಲಿ. ಗ್ಯಾಸ್ ಬೇಕು ಅಂತ ಹಸಿ ಕಸವನ್ನು ಗುಡ್ಡಕ್ಕೆ ಸುರಿಯುವ ಷರತ್ತು ಮಾತ್ರ ಬೇಡವೇ ಬೇಡ. ಹೊಸ ಹಸಿ ಕಸಕ್ಕೆ ಗಾಳಿಯಾಡದಂತೆ ಮುಚ್ಚಿದ ಬಯೋಗ್ಯಾಸ್ ಘಟಕವೇ ಸರಿಯಾದ ಜಾಗ. ಅಳತೆಯ ಅಂಕಿಗಳು ಎರಡೂ ಕಡೆಗೆ ತೆರೆದಿರಲಿ. ರಜೆಯಲ್ಲಿ ಕ್ಯಾಂಪಸ್ ಖಾಲಿಯಾದರೂ ಗ್ಯಾಸ್ ನಿಲ್ಲುವುದಿಲ್ಲ. ಆಗ ಫ್ಲೇರ್ ನೋಡಿಕೊಳ್ಳುವವರು ಯಾರು, ರಾತ್ರಿ ಬ್ಲೋವರ್ ನಿಂತರೆ ಫೋನ್ ಹೋಗುವುದು ಯಾರಿಗೆ ಎಂಬುದನ್ನು ಹುದ್ದೆ ಹೆಸರಿಸಿಯೇ ಬರೆಯಿರಿ.